ಕಲ್ಲಿಗೆ ಕೂತವಳು

ಯಾಕೆ ಹಿಡಿದಿರಿ ಕ್ಯಾಮೆರಾ, ಕೇಳುತ್ತಾರೆ ಜನ.
ಬೆಳಕು ಇಷ್ಟ ಎನ್ನುತ್ತೇನೆ.
ಇನ್ನೊಮ್ಮೆ, ಹೊಟ್ಟೆಪಾಡು. ಅದೂ ಪೂರ್ತಿ ಸುಳ್ಳಲ್ಲ,
ಚಿಯಾತುರಾದಲ್ಲಿ ಗಣಿ ಬಿಟ್ಟರೆ ಮದುವೆ, ಮದುವೆ ಬಿಟ್ಟರೆ ಸಾವು,
ಎರಡಕ್ಕೂ ಫೋಟೋ ಬೇಕು.

ನಿಜ ಹೇಳಹೊರಟರೆ
ಕೇಬಲ್ ಕಾರಿನಲ್ಲಿ ಕೂರಿಸಿ, ಕರಿನೀರಿನ ಹೊಳೆ ದಾಟಿಸಿ
ಗುಡ್ಡದ ಗೋರಿಗಳವರೆಗೆ ಕರೆದೊಯ್ಯಬೇಕು ನಿಮ್ಮನ್ನು.
ಅಷ್ಟು ಪುರುಸೊತ್ತು ಯಾರಿಗಿದೆ.

ಆ ಚಳಿಗಾಲ ಕರೆಂಟು ಇರಲಿಲ್ಲ.
ಅದರ ಹಿಂದಿನದಕ್ಕೂ ಇರಲಿಲ್ಲ.
ಅಪ್ಪ ತನ್ನ ಸ್ಮೆನಾ ಕ್ಯಾಮೆರಾ ಕೊಟ್ಟು
ಎರಡು ಡಬ್ಬ ಸೀಮೆಎಣ್ಣೆ ತಂದ.
ಒಳ್ಳೆ ವ್ಯಾಪಾರ ಎಂದಳು ಅಮ್ಮ.
ಒಳಗೆ ಗೋಚಾ ಕೆಮ್ಮುತ್ತಿದ್ದ.

ಎಣ್ಣೆ ಮುಗಿಯಿತು. ಕೆಮ್ಮೂ ನಿಂತಿತು.
ಫೆಬ್ರವರಿಯ ನೆಲ ಗುದ್ದಲಿಗೆ ಬಗ್ಗದೆ
ಗಣಿಯ ಗೆಳೆಯರು ಹಾರೆ ತರಬೇಕಾಯಿತು.
ಅಣ್ಣನಿಗೆ ಹದಿಮೂರು.

ವರ್ಷ ತುಂಬಿದ ಮೇಲೆ ಕಲ್ಲು ನಿಲ್ಲಿಸುತ್ತೇವೆ ನಾವು:
ನುಣುಪಾದ ಕರಿಗಲ್ಲು, ಅದರಲ್ಲಿ ಹೋದವರ ಮುಖ,
ಕೋಟು, ಗಡಿಯಾರ, ಕೆಲವರಿಗೆ ಕೈಯಲ್ಲಿ ಸಿಗರೇಟೂ.
ಕೆತ್ತುವ ಅಮಿರಾನ್ ಕೇಳಿದ: ಫೋಟೋ ಎಲ್ಲಿ?

ತೊಟ್ಟಿಲಿನದೊಂದಿತ್ತು.
ಶಾಲೆಯದೊಂದಿತ್ತು, ಮೂರನೇ ಸಾಲು, ಎಡದಿಂದ ಐದನೆಯವನು;
ಕ್ಲಿಕ್ ಎನ್ನುವ ಹೊತ್ತಿಗೆ ಸರಿಯಾಗಿ
ಯಾರೋ ಕರೆದಂತೆ ತಲೆ ತಿರುಗಿಸಿದ್ದಾನೆ.
ಕಾಲರಿನ ಮೇಲೆ ಒಂದು ಹಿಡಿ ಹೊಗೆ.

ಅಮಿರಾನ್ ಅದನ್ನು ಕಿಟಕಿಗೆ ಹಿಡಿದ, ತಿರುಗಿಸಿದ, ಕೆಳಗಿಟ್ಟ.
ಆಮೇಲೆ ನನ್ನನ್ನು ನೋಡಿದ.
ಅಮ್ಮನೂ ನೋಡಿದಳು.
ಆ ಹೊತ್ತಿಗೆ ನನಗೂ ಹದಿಮೂರು.

ಅಡುಗೆಮನೆಯ ಕತ್ತರಿ. ಜಡೆ ಕಾಗದದ ಮೇಲೆ ಬಿತ್ತು.
ಅಂಗಿ ಅವನದು, ತೋಳು ಉದ್ದ.
ಅಮಿರಾನನ ಶೆಡ್ಡಿನಲ್ಲಿ ನಾಲ್ಕು ದಿನ ಕೂತೆ, ಸ್ಟೂಲಿನ ಮೇಲೆ.
ಟಕ್ ಟಕ್ ಟಕ್, ವಜ್ರದ ಮೊನೆ,
ಚುಕ್ಕೆಯ ಪಕ್ಕ ಚುಕ್ಕೆ,
ಕಲ್ಲಿನ ಹಿಟ್ಟು ನನ್ನ ರೆಪ್ಪೆಯ ಮೇಲೆ.
ಗಲ್ಲ ಸ್ವಲ್ಪ ಎತ್ತು ಮಗೂ, ಎನ್ನುತ್ತಿದ್ದ,
ಅವನು ಹಾಗೆ ಎತ್ತುತ್ತಿದ್ದನಲ್ಲ.
ಎತ್ತುತ್ತಿದ್ದನೇ? ನೆನಪಾಗಲಿಲ್ಲ. ಎತ್ತಿದೆ.

ಕಲ್ಲು ನಿಂತ ದಿನ ಅಮ್ಮ ಲಮಾರಾ
ನನ್ನ ಹಣೆಗೆ ಹಣೆಯಿಟ್ಟು ಅತ್ತಳು.
ನಾನು ಅವಳ ಹಿಂದೆ ನಿಂತಿದ್ದೆ.
ಅಚ್ಚು ಅವನೇ, ಎಂದರು ಎಲ್ಲರೂ.
ಸುಳ್ಳು ಹೇಳುವ ಕೆಟ್ಟತನ ಅವರಲ್ಲಿ ಇರಲಿಲ್ಲ,
ಆಗಲೇ ಮರೆತಿದ್ದರು ಅಷ್ಟೆ.
ಎರಡು ವರ್ಷಕ್ಕೆ ನಾನೂ ಮರೆತೆ.
ಅಣ್ಣನನ್ನು ನೆನೆದರೆ ಕನ್ನಡಿ ಬರುತ್ತದೆ.

ಹತ್ತೊಂಬತ್ತಕ್ಕೆ ಕುಟೈಸಿಯ ಸಂತೆಯಲ್ಲಿ
ಅಪ್ಪನದರಂಥದೇ ಸ್ಮೆನಾ ಕೊಂಡೆ.
ಅಪ್ಪನದೇ ಇರಬಹುದೆಂದು ತಿರುಗಿಸಿ ತಿರುಗಿಸಿ ನೋಡಿದೆ.
ಅಲ್ಲ.

ಈಗ ವರ್ಲಾಮ್ ತಾತ ಬರುತ್ತಾನೆ,
ಅಳಿಯನ ಕೋಟು ಹಾಕಿಕೊಂಡು, ಕಲ್ಲಿಗೆಂದೇ ತೆಗೆಸಿಕೊಳ್ಳಲು.
ಹಲ್ಲೊಂದು ಸೇರಿಸುತ್ತೀಯಾ ತ್ಸಿಯುರಿ, ಕಂಪ್ಯೂಟರಿನಲ್ಲಿ?
ಇಲ್ಲ ಎನ್ನುತ್ತೇನೆ.
ಕೋಪಿಸಿಕೊಳ್ಳುತ್ತಾನೆ. ಬಾಯಿ ಮುಚ್ಚಿ ಕೂರುತ್ತಾನೆ.
ನಾನು ಕಾಯುತ್ತೇನೆ, ಅವನ ಹೆಂಡತಿಯ ಮಾತೆತ್ತುತ್ತೇನೆ,
ನಗು ಬಂದೇ ಬರುತ್ತದೆ, ಆ ಕಿಂಡಿಯ ಸಮೇತ.
ಮಕ್ಕಳ ಫೋಟೋಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.
ತಲೆ ತಿರುಗಿಸಿದರೆ ಇನ್ನೊಂದು, ಮತ್ತೊಂದು.
ತಿರುಗಿಸಿದ್ದನ್ನೂ ಎಸೆಯುವುದಿಲ್ಲ.

ಈಸ್ಟರ್ ಮರುದಿನ ಕೆಂಪು ಮೊಟ್ಟೆ ಉರುಳಿಸಲು
ಅಮ್ಮನನ್ನು ಕರೆದೊಯ್ದಿದ್ದೆ ಈ ಸಲ.
ಕಲ್ಲು ಒರೆಸುವಾಗ ಕಂಡಿತು:
ಎಡಗಿವಿಯ ತುದಿಯಲ್ಲಿ, ಸಾಸಿವೆಗಿಂತ ಚಿಕ್ಕದು,
ಬೇರೆ ಚುಕ್ಕೆಗಳಿಗಿಂತ ಆಳ.
ನನ್ನ ಕಿವಿ ಚುಚ್ಚಿದ ತೂತು.
ಅಮಿರಾನ್ ಇದ್ದದ್ದನ್ನು ಇದ್ದ ಹಾಗೆ ಹೊಡೆದಿದ್ದ.

ಅಮ್ಮಾ, ಇದನ್ನು ನೋಡಿದ್ದೀಯಾ?

ಕಲ್ಲಿನದೇ ದೋಷ ಅದು, ಎಂದಳು,
ಕಣ್ಣೆತ್ತದೆ, ಗೋರಿಯ ಮಣ್ಣಿಗೆ ವೈನು ಸುರಿಯುತ್ತಾ.
ಒರೆಸಬೇಡ ಅಲ್ಲಿ. ಬಿಡು.